ಬೆಸುಗೆಯೂ ಅದರ ಅಳತೆಯೂ: ಒಂದು ವಿಮರ್ಶಾಪದದ ಪರೀಕ್ಷೆ

೧

ಕನ್ನಡ ಸಾಹಿತ್ಯವಿಮರ್ಶೆಯಲ್ಲಿ ಬಹಳವಾಗಿ ಬಳಕೆಗೆ ಬಂದು, ಆ ಬಳಕೆಯಿಂದಲೇ ಅರ್ಥವು ಸವೆಯುತ್ತಿರುವ ಪದಗಳಲ್ಲಿ ‘ಬೆಸುಗೆ’ ಎಂಬುದೂ ಒಂದು. ಭಾವಕ್ಕೂ ಭಾಷೆಗೂ ಬೆಸುಗೆ, ಪುರಾಣಕ್ಕೂ ಚರಿತ್ರೆಗೂ ಬೆಸುಗೆ, ಗದ್ಯಕ್ಕೂ ಪದ್ಯಕ್ಕೂ ಬೆಸುಗೆ, ಮಾರ್ಗಕ್ಕೂ ದೇಶಿಗೂ ಬೆಸುಗೆ, ಹೀಗೆ ಎರಡು ವಸ್ತುಗಳು ಒಂದು ಕೃತಿಯಲ್ಲಿ ಕೂಡಿ ಬಂದ ಕಡೆಗಳಲ್ಲೆಲ್ಲ ಈ ಪದವು ಸಿದ್ಧವಾಗಿ ನಿಂತಿರುತ್ತದೆ. ಹೇಳಿದವರ ಮನಸ್ಸಿನಲ್ಲಿ ಇದೊಂದು ಹೊಗಳಿಕೆ. ಕೇಳಿದವರೂ ಹೊಗಳಿಕೆಯೆಂದೇ ತಿಳಿಯುತ್ತಾರೆ. ಆದರೆ ಯಾವ ಬಗೆಯ ಬೆಸುಗೆ, ಅದು ಎಷ್ಟು ಗಟ್ಟಿ, ಯಾವ ಭಾರವನ್ನು ಹೊರುವುದಕ್ಕಾಗಿ ಹಾಕಿದುದು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ.

‘ಬೆಸೆ’ ಎಂಬ ಧಾತುವಿಗೆ ಕೂಡಿಸು, ಒಂದಾಗಿಸು ಎಂಬುದು ಅರ್ಥ. ‘ಬೆಸುಗೆ’ಯು ಅದರಿಂದ ಹುಟ್ಟಿದ ನಾಮಪದ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಲೋಹವನ್ನು ಕೂಡಿಸುವ ಕೆಲಸವೆಂಬ ಅರ್ಥವೂ ಸಾಮಾನ್ಯವಾದ ಕೂಡುವಿಕೆಯೆಂಬ ಅರ್ಥವೂ ಈ ಪದಕ್ಕೆ ಸೇರಿವೆ. ಆದುದರಿಂದ ವಿಮರ್ಶಕರು ಈ ಪದವನ್ನು ಎರವಲಾಗಿ ತಂದುದರಲ್ಲಿ ತಪ್ಪೇನೂ ಇಲ್ಲ. ಕಸುಬಿನಿಂದ ಶಾಸ್ತ್ರಕ್ಕೆ ಪದಗಳು ಬರುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ಒರೆಗಲ್ಲು, ಹದ, ಪಾಕ, ಬಂಧ ಮುಂತಾದ ಪದಗಳು ಹಾಗೆಯೇ ಬಂದುವು. ಆದರೆ ಒರೆಗಲ್ಲೆಂಬ ಪದದೊಡನೆ ಒರೆಹಚ್ಚುವ ಕ್ರಮವೂ ಬಂದಿತು. ಬೆಸುಗೆಯೆಂಬ ಪದದೊಡನೆ ಬೆಸುಗೆಯನ್ನು ಪರೀಕ್ಷಿಸುವ ಕ್ರಮವು ಮಾತ್ರ ಬರಲಿಲ್ಲ. ಕಸುಬಿನವರಲ್ಲಿ ಬೆಸುಗೆಯು ಅಳೆದು ನೋಡಿ ಒಪ್ಪಬೇಕಾದ ವಸ್ತು. ವಿಮರ್ಶೆಯಲ್ಲಿ ಅದು ಅಳೆಯದೆಯೇ ಒಪ್ಪಿಬಿಟ್ಟ ವಸ್ತು. ಈ ಅಂತರವು ಎಷ್ಟು ದೊಡ್ಡದೆಂಬುದನ್ನು ಕಾಣಬೇಕಾದರೆ ಮೊದಲು ಕಸುಬಿನವರ ಅಳತೆಯನ್ನು ತಿಳಿಯಬೇಕು.

೨

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ದೊಡವಾಡವು ಒಕ್ಕಲುತನವನ್ನು ನೆಚ್ಚಿದ ಊರು. ಇಂತಹ ಊರುಗಳಲ್ಲಿ ಕಬ್ಬಿಣದ ಕೆಲಸವು ಒಕ್ಕಲುತನಕ್ಕೆ ಹೊಂದಿಕೊಂಡೇ ನಡೆದುಬಂದಿದೆ. ನೇಗಿಲಿನ ಕುಳವನ್ನು ಹದಮಾಡಿಕೊಡುತ್ತಿದ್ದ ಕಮ್ಮಾರನೂ ಕೂರಿಗೆ ಚಕ್ಕಡಿಗಳನ್ನು ಮಾಡಿಕೊಡುತ್ತಿದ್ದ ಬಡಿಗನೂ ಸುಗ್ಗಿಯಲ್ಲಿ ಆಯವನ್ನು ಪಡೆಯುತ್ತಿದ್ದರು. ಚಿನ್ನಬೆಳ್ಳಿಯ ಕೆಲಸವು ಪತ್ತಾರನದು. ಈಗ ಟ್ರ್ಯಾಕ್ಟರೂ ಅದರ ಟ್ರೇಲರೂ ಬಂದ ಮೇಲೆ ವಿದ್ಯುತ್ತಿನಿಂದ ಬೆಸೆಯುವ ವೆಲ್ಡಿಂಗಿನ ಅಂಗಡಿಗಳು ಈ ಸೀಮೆಯ ರಸ್ತೆಗಳ ಬದಿಯಲ್ಲಿ ಕಾಣಬರುತ್ತವೆ. ಈ ಮೂವರ ಕೈಯಲ್ಲಿಯೂ ‘ಬೆಸುಗೆ’ ಎಂಬ ಒಂದೇ ಪದವು ಸಲ್ಲುತ್ತದೆಯಾದರೂ ಕೆಲಸಗಳು ಮೂರು ಬೇರೆ.

ಕಮ್ಮಾರನ ಕುಲುಮೆಯಲ್ಲಿ ಎರಡು ಕಬ್ಬಿಣದ ತುದಿಗಳನ್ನು ಬಿಳುಪೇರುವವರೆಗೆ ಕಾಯಿಸಿ, ಒಂದರ ಮೇಲೊಂದನ್ನಿರಿಸಿ ಬಡಿಯುತ್ತಾರೆ. ಚಕ್ಕಡಿಯ ಗಾಲಿಗೆ ತೊಡಿಸುವ ಪಟ್ಟಿಯ ಎರಡು ತುದಿಗಳು ಹೀಗೆ ಸೇರುತ್ತಿದ್ದುವು. ಇಲ್ಲಿ ಮೂರನೆಯ ಲೋಹವಿಲ್ಲ. ಎರಡೂ ತಮ್ಮ ಕಾವಿನಿಂದಲೇ ಒಂದಾಗುತ್ತವೆ. ಪತ್ತಾರನ ಕೆಲಸದಲ್ಲಿ ಮೂರನೆಯ ಲೋಹವೊಂದು ಉಂಟು. ಅದು ಒಡವೆಯ ಲೋಹಕ್ಕಿಂತ ಬೇಗ ಕರಗತಕ್ಕದ್ದು. ಬಿಳಿಗಾರವನ್ನು ಹಚ್ಚಿ ಊದಿದಾಗ ಅದು ಕರಗಿ ಸಂದಿಗೆ ಹರಿಯುತ್ತದೆ, ಒಡವೆಯು ಕರಗುವುದಿಲ್ಲ. ಆಮೇಲೆ ಅರವಿಟ್ಟು ಉಜ್ಜಿದರೆ ಸಂದಿಯೇ ಕಾಣದು. ವಿದ್ಯುತ್ತಿನ ಬೆಸುಗೆಯಲ್ಲಿಯೂ ಮೂರನೆಯ ಲೋಹವುಂಟು; ಅದು ರಾಡಿನಿಂದ ಇಳಿಯತಕ್ಕದ್ದು. ಆದರೆ ಇಲ್ಲಿ ರಾಡಿನೊಡನೆ ಎರಡು ತಗಡುಗಳ ಅಂಚುಗಳೂ ಕರಗಿ ಮೂರೂ ಬೆರೆಯುತ್ತವೆ. ಅಲ್ಲದೆ ಹಾಕಿದ ಲೋಹವನ್ನು ಮರೆಮಾಡುವ ಪ್ರಯತ್ನವಿಲ್ಲ. ಅದು ಹೊರಗೆ ಕಾಣುತ್ತದೆ, ಕಾಣಬೇಕು. ಭಾರವನ್ನು ಹೊರುವುದು ಅದೇ.

ವ್ಯಾಕರಣವು ಇಂತಹ ಭೇದಗಳನ್ನು ಬಹು ಹಿಂದೆಯೇ ಗುರುತಿಸಿತ್ತು. ‘ಊರು’ ಎಂಬುದರ ಮುಂದೆ ‘ಅಲ್ಲಿ’ ಬಂದರೆ ಉಕಾರವು ಲೋಪವಾಗಿ ‘ಊರಲ್ಲಿ’ ಆಗುತ್ತದೆ. ‘ಮನೆ’ಯ ಮುಂದೆ ‘ಅಲ್ಲಿ’ ಬಂದರೆ ಎರಡರಲ್ಲಿಯೂ ಇಲ್ಲದ ಯಕಾರವೊಂದು ನಡುವೆ ಆಗಮಿಸಿ ‘ಮನೆಯಲ್ಲಿ’ ಆಗುತ್ತದೆ. ‘ಮಳೆ’ಯ ಮುಂದೆ ‘ಕಾಲ’ ಬಂದರೆ ಕಕಾರಕ್ಕೆ ಗಕಾರವು ಆದೇಶವಾಗಿ ‘ಮಳೆಗಾಲ’ ಆಗುತ್ತದೆ. ಮೂರೂ ಸಂಧಿಗಳೇ, ಆದರೆ ವೈಯಾಕರಣನು ಮೂರನ್ನೂ ‘ಸೊಗಸಾದ ಸಂಧಿ’ ಎಂದು ಹೇಳಿ ಸುಮ್ಮನಾಗಲಿಲ್ಲ. ಏನು ಹೋಯಿತು, ಏನು ಬಂದಿತು, ಏನು ಬದಲಾಯಿತು ಎಂಬುದನ್ನು ಹೇಳಿದನು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಮೊದಲ ಪ್ರಕರಣವನ್ನೇ ಸಂಧಿಗೆ ಮೀಸಲಿಟ್ಟನು. ಪದಗಳ ಕೂಡಿಕೆಯಲ್ಲಿ ಇಷ್ಟು ಎಚ್ಚರವಹಿಸಿದ ಪರಂಪರೆಯು ಕೃತಿಗಳ ಕೂಡಿಕೆಯನ್ನು ವಿಚಾರಿಸುವಾಗ ಒಂದೇ ಪದದಲ್ಲಿ ತೃಪ್ತಿಗೊಂಡುದು ವಿಚಿತ್ರವಾಗಿ ತೋರುತ್ತದೆ.

೩

ವಿದ್ಯುತ್ತಿನ ಬೆಸುಗೆಗಳಲ್ಲಿ ಅತ್ಯಂತ ಸಾಮಾನ್ಯವಾದುದು ಎಂಜಿನಿಯರರು ಫಿಲೆಟ್ ವೆಲ್ಡ್ ಎಂದು ಕರೆಯುವ ಮೂಲೆಬೆಸುಗೆ. ಒಂದು ತಗಡಿನ ಮೇಲೆ ಇನ್ನೊಂದು ನೆಟ್ಟಗೆ ನಿಂತಾಗಲೂ, ಒಂದರ ಮೇಲೆ ಇನ್ನೊಂದು ಅಂಚು ಬಿಟ್ಟು ಮಲಗಿದಾಗಲೂ ಒಳಮೂಲೆಯೊಂದು ಉಂಟಾಗುತ್ತದಷ್ಟೆ. ಆ ಮೂಲೆಯನ್ನು ತುಂಬುವ ಬೆಸುಗೆಯೇ ಇದು. ಟ್ರೇಲರಿನ ಉದ್ದದ ತೊಲೆಗೆ ಅಡ್ಡಪಟ್ಟಿಗಳನ್ನು ಕೂಡಿಸುವಲ್ಲಿ ಕಾಣುವುದು ಹೆಚ್ಚಾಗಿ ಇದೇ. ಇದನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ತ್ರಿಕೋನದ ಆಕಾರವು ತೋರುತ್ತದೆ. ಅದರ ಅಂಗಗಳಿಗೆ ಶರೀರದ ಹೆಸರುಗಳೇ ಇವೆ. ಎರಡು ತಗಡುಗಳ ಮೇಲೆ ಬೆಸುಗೆಯು ಹಬ್ಬಿದ ಉದ್ದಗಳು ಅದರ ಎರಡು ಕಾಲುಗಳು. ಕಾಲು ಮುಗಿಯುವ ಅಂಚು ಕಾಲ್ಬೆರಳು. ಹೊರಕ್ಕೆ ತೋರುವ ಮೈ ಮುಖ. ಮೂಲೆಯ ಒಳತುದಿ ಬೇರು. ಬೇರಿನಿಂದ ಮುಖಕ್ಕೆ ಇರುವ ಅತ್ಯಂತ ಕಿರಿದಾದ ದೂರವೇ ಕಂಠ. ಇಂಗ್ಲಿಷಿನಿಂದ ಬಂದ ಪರಿಭಾಷೆಯಾದರೂ ಕನ್ನಡದಲ್ಲಿ ಇದು ಒಂದಿಷ್ಟೂ ಅಪರಿಚಿತವಾಗಿ ಕೇಳಿಸುವುದಿಲ್ಲ.

ಇವುಗಳಲ್ಲಿ ಭಾರವನ್ನು ಹೊರುವ ಬಲವು ಕಂಠವನ್ನು ಅವಲಂಬಿಸಿದೆ. ಬೆಸುಗೆಯು ಮುರಿದರೆ ಅದು ಅತ್ಯಂತ ಕಿರಿದಾದ ಕಡೆಯಲ್ಲಿ ಮುರಿಯುತ್ತದೆಂಬುದೇ ಇದಕ್ಕೆ ಕಾರಣ. ಎರಡು ಕಾಲುಗಳೂ ಸಮವಾಗಿ, ಮೂಲೆಯು ಸಮಕೋನವಾಗಿ, ಮುಖವು ಚಪ್ಪಟೆಯಾಗಿದ್ದರೆ ಕಂಠವು ಕಾಲಿನ ೦.೭೦೭ರಷ್ಟು ಇರುತ್ತದೆ. ಎಂದರೆ ೬ ಮಿಲಿಮೀಟರಿನ ಕಾಲಿಗೆ ಸುಮಾರು ೪.೨ ಮಿಲಿಮೀಟರಿನ ಕಂಠ. ಕಾಲನ್ನು ಅಳೆದರೆ ಕಂಠವು ತಿಳಿಯುವುದೆಂಬ ನಂಬಿಕೆಯು ಈ ಲೆಕ್ಕದಿಂದ ಬಂದುದು. ಆದರೆ ಮುಖವು ಯಾವಾಗಲೂ ಚಪ್ಪಟೆಯಾಗಿರುವುದಿಲ್ಲ. ಒಮ್ಮೆ ಉಬ್ಬಿರುತ್ತದೆ, ಒಮ್ಮೆ ತಗ್ಗಿರುತ್ತದೆ. ಮಾಪಕದ ಅವಶ್ಯಕತೆಯು ಇಲ್ಲಿಯೇ ಹುಟ್ಟುತ್ತದೆ.

ಅಂಗಡಿಯವರು ಗೇಜು ಎಂದು ಕರೆಯುವ ಈ ಮಾಪಕಗಳಲ್ಲಿ ಸರಳವಾದುದು ತೆಳುವಾದ ಉಕ್ಕಿನ ಎಲೆಗಳ ಒಂದು ಕಂತೆ. ಒಂದೊಂದು ಎಲೆಯೂ ಗೊತ್ತಾದ ಒಂದೊಂದು ಅಳತೆಗೆ ಕತ್ತರಿಸಿದುದು. ಅಳೆಯುವುದಕ್ಕೆ ಮೊದಲು ಬೆಸುಗೆಯ ಮೇಲಿನ ಕಿಟ್ಟವನ್ನು ಕೆತ್ತಿ ಸ್ವಚ್ಛಮಾಡಬೇಕು. ಎಲೆಯ ನೇರ ಅಂಚುಗಳು ಎರಡು ತಗಡುಗಳ ಮೇಲೂ ಸರಿಯಾಗಿ ಕೂಡಬೇಕು. ಉಬ್ಬಿದ ಬೆಸುಗೆಯಾದರೆ ಎಲೆಯ ತುದಿಯು ಕಾಲ್ಬೆರಳಿಗೆ ಮುಟ್ಟುವುದೇ ಎಂಬುದನ್ನು ನೋಡಿ ಕಾಲನ್ನು ಅಳೆಯಬೇಕು. ತಗ್ಗಿದ ಬೆಸುಗೆಯಾದರೆ ಕಾಲನ್ನು ಅಳೆದು ಪ್ರಯೋಜನವಿಲ್ಲ. ಅದಕ್ಕಾಗಿ ನಡುವೆ ಮೊನೆಯಿರುವ ಇನ್ನೊಂದು ಬಗೆಯ ಅಂಚು ಬೇಕು. ಆ ಮೊನೆಯು ಮುಖದ ನಡುವಿಗೆ ಮುಟ್ಟಿದರೆ ಕಂಠವು ಸಾಕಷ್ಟಿದೆ; ಮೊನೆಗೂ ಮುಖಕ್ಕೂ ನಡುವೆ ಬೆಳಕು ತೂರಿದರೆ ಸಾಲದು. ಒಂದು ಉದಾಹರಣೆ: ತಗ್ಗಿದ ಬೆಸುಗೆಯೊಂದರ ಕಾಲು ೮ ಮಿಲಿಮೀಟರ್, ಕಂಠವು ೪.೨ ಮಿಲಿಮೀಟರ್ ಇದೆಯೆಂದುಕೊಂಡರೆ, ಕಾಲನ್ನು ಮಾತ್ರ ನೋಡಿದವನು ಅದನ್ನು ೮ರ ಬೆಸುಗೆಯೆಂದು ಒಪ್ಪುವನು. ವಾಸ್ತವದಲ್ಲಿ ಅದರ ಬಲವು ೬ರ ಬೆಸುಗೆಯದು. ಹೀಗೆ ಮಾಪಕವು ಸರಿಯಾದುದಾದರೂ, ವಸ್ತುವಿನ ಆಕಾರಕ್ಕೆ ತಕ್ಕ ಅಂಚನ್ನು ಆರಿಸದಿದ್ದರೆ ಅಳತೆಯು ಸುಳ್ಳಾಗುತ್ತದೆ.

ಎರಡು ಕಾಲುಗಳು ಅಸಮವಾಗಿದ್ದರೆ ಬೆಸುಗೆಯ ಅಳತೆಯನ್ನು ಗಿಡ್ಡ ಕಾಲು ನಿರ್ಣಯಿಸುತ್ತದೆ. ಒಂದು ಕಡೆಯ ಉದ್ದವು ಇನ್ನೊಂದು ಕಡೆಯ ಕೊರತೆಯನ್ನು ತುಂಬಲಾರದು. ಮೂಲೆಯ ಕೋನವು ಬಿಚ್ಚಿಕೊಂಡಂತೆಲ್ಲ ಅದೇ ಕಾಲುಗಳಿಂದ ದೊರಕುವ ಕಂಠವು ಕಿರಿದಾಗುತ್ತದೆ. ೨೦೦೭ರ ಭಾರತೀಯ ಮಾನಕ ೮೦೦ರಲ್ಲಿ ೬೦ರಿಂದ ೯೦ ಅಂಶದವರೆಗಿನ ಕೋನಕ್ಕೆ ಕಾಲಿನ ೦.೭೦ರಷ್ಟನ್ನು ಕಂಠವೆಂದು ಹಿಡಿದಿದ್ದರೆ, ೧೧೪ರಿಂದ ೧೨೦ ಅಂಶದ ಕೋನಕ್ಕೆ ೦.೫೦ರಷ್ಟನ್ನು ಮಾತ್ರ ಹಿಡಿದಿದೆ. ಇನ್ನು ಹೆಚ್ಚು ಹಾಕಿದರೆ ಒಳ್ಳೆಯದೆಂಬ ಎಣಿಕೆಯೂ ಸರಿಯಲ್ಲ. ಕಾಲನ್ನು ೬ರಿಂದ ೮ ಮಿಲಿಮೀಟರಿಗೆ ಏರಿಸಿದರೆ ಬಲವು ಮೂರರಲ್ಲೊಂದು ಪಾಲು ಹೆಚ್ಚುತ್ತದೆ; ತುಂಬಬೇಕಾದ ಲೋಹವಾದರೋ ೧೮ ಚದರ ಮಿಲಿಮೀಟರಿನಿಂದ ೩೨ಕ್ಕೆ, ಎಂದರೆ ನಾಲ್ಕರಲ್ಲಿ ಮೂರು ಪಾಲಿಗಿಂತಲೂ ಹೆಚ್ಚಾಗಿ ಏರುತ್ತದೆ. ಮಿತಿಮೀರಿದ ಕಾವಿನಿಂದ ತಗಡು ಸೊಟ್ಟಗಾಗುವುದು ಇದರ ಮೇಲಿನ ನಷ್ಟ.

ಕೊನೆಯದಾಗಿ, ಮಾಪಕವು ಕಾಣದ ಸಂಗತಿಯೊಂದಿದೆ. ಬೇರಿನಲ್ಲಿ ತಗಡು ನಿಜವಾಗಿ ಕರಗಿ ಕೂಡಿತೇ, ಇಲ್ಲವೇ ಲೋಹವು ಮೇಲೆ ಸುಮ್ಮನೆ ಕುಳಿತಿದೆಯೇ ಎಂಬುದನ್ನು ಅದು ಹೇಳಲಾರದು. ಕಾಲೂ ಕಂಠವೂ ಮುಖವೂ ಸರಿಯಾಗಿದ್ದು ಬೇರು ಹಿಡಿಯದ ಬೆಸುಗೆಗಳು ಉಂಟು. ಅದನ್ನರಿಯಲು ಮಾದರಿಯ ತುಂಡೊಂದನ್ನು ಬೆಸೆದು, ಕತ್ತರಿಸಿ ಆಮ್ಲದಿಂದ ತೊಳೆದು ನೋಡಬೇಕು. ಅಥವಾ ಬಡಿದು ಮುರಿದು ಬೇರನ್ನು ನೋಡಬೇಕು. ಮಾಪಕವು ಅವಶ್ಯವಾದುದು, ಆದರೆ ಸಾಕಾಗುವುದಿಲ್ಲ. ಬಲ್ಲ ಪರೀಕ್ಷಕರು ಎರಡನ್ನೂ ನೆನಪಿನಲ್ಲಿಟ್ಟಿರುತ್ತಾರೆ.

೪

ಇಂತಹ ಪರೀಕ್ಷಕಬುದ್ಧಿಯು ಕನ್ನಡ ಕಾವ್ಯಶಾಸ್ತ್ರಕ್ಕೆ ಹೊಸದೇ ಎಂದು ಕೇಳಬಹುದು. ಹೊಸದಲ್ಲ. ಆಶ್ಚರ್ಯದ ಸಂಗತಿಯೆಂದರೆ, ಅದರ ಮೊದಲ ನಿದರ್ಶನವು ದೊಡವಾಡದ ಸೀಮೆಗೆ ಬಹಳ ಹತ್ತಿರದಲ್ಲಿದೆ. ಕ್ರಿ. ಶ. ೮೫೦ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಹೇಳಿದೆಯಷ್ಟೆ. ಈ ನಾಲ್ಕರಲ್ಲಿ ಒಂಕುಂದವೆಂಬುದು ಇಂದಿನ ಒಕ್ಕುಂದ. ದೊಡವಾಡದಂತೆ ಅದೂ ಬೈಲಹೊಂಗಲ ತಾಲೂಕಿಗೇ ಸೇರಿದೆ. ತಿರುಳ್ಗನ್ನಡದ ಎಲ್ಲೆಯನ್ನು ಗುರುತಿಸಿದ ಈ ಗ್ರಂಥವೇ ಆ ಕನ್ನಡದೊಳಗೆ ಸಂಸ್ಕೃತವು ಹೇಗೆ ಕೂಡಬೇಕು, ಹೇಗೆ ಕೂಡಬಾರದು ಎಂಬುದನ್ನೂ ವಿಚಾರಿಸಿತು.

ಅದರ ವಿಚಾರದ ರೀತಿಯನ್ನು ಗಮನಿಸಬೇಕು. ಸಂಸ್ಕೃತದ ಪದಗಳು ಕನ್ನಡಕ್ಕೆ ಬರಬಾರದೆಂದು ಗ್ರಂಥಕಾರನು ಹೇಳುವುದಿಲ್ಲ; ಬಂದುದೆಲ್ಲವೂ ಸೊಗಸೆಂದೂ ಹೇಳುವುದಿಲ್ಲ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಸಮಾಸದಲ್ಲಿ ವಿವೇಚನೆಯಿಲ್ಲದೆ ಕೂಡಿಸುವುದನ್ನು ಮಾತ್ರ ಆತನು ನಿಷೇಧಿಸುತ್ತಾನೆ. ಅದಕ್ಕೆ ಕೊಡುವ ಹೋಲಿಕೆಯು ಅಡಿಗೆಮನೆಯದು: ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಹಾಕಿದಂತೆ. ಹಾಲು ಕೆಟ್ಟುದಲ್ಲ, ಮಜ್ಜಿಗೆಯೂ ಕೆಟ್ಟುದಲ್ಲ; ಕೂಡಿಸಿದ ಸ್ಥಿತಿಯು ಎರಡನ್ನೂ ಕೆಡಿಸುತ್ತದೆ. ೧೧೧೨ರಲ್ಲಿ ಧರ್ಮಾಮೃತವನ್ನು ಬರೆದ ಮುಳುಗುಂದದ ನಯಸೇನನು ಇದೇ ಆಕ್ಷೇಪಣೆಯನ್ನು ತುಪ್ಪ ಎಣ್ಣೆಗಳ ಹೋಲಿಕೆಯಿಂದ ಹೇಳಿದನು. ಕೇಶಿರಾಜನು ಅರಿಸಮಾಸವೆಂಬ ಹೆಸರಿನಿಂದ ದೋಷವನ್ನು ನಿರ್ದೇಶಿಸಿ, ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗವಿರುವಲ್ಲಿಯೂ ವಿನಾಯಿತಿಯನ್ನಿತ್ತನು.

ಇಲ್ಲಿ ಕಾಣುವುದು ಅಳತೆಯುಳ್ಳ ವಿಮರ್ಶೆ. ಯಾವುದು ಯಾವುದರೊಡನೆ ಕೂಡುತ್ತದೆ, ಎಲ್ಲಿ ಕೂಡುತ್ತದೆ, ದೋಷವೆಲ್ಲಿ, ವಿನಾಯಿತಿಯೆಲ್ಲಿ ಎಂಬುದನ್ನೆಲ್ಲ ಹೇಳಲಾಗಿದೆ. ಈ ನಿಯಮಗಳನ್ನು ಇಂದಿನವರು ಒಪ್ಪಬೇಕಾದುದಿಲ್ಲ. ಕನ್ನಡವು ಆ ನಿಷೇಧಗಳನ್ನು ಮೀರಿ ಬೆಳೆದಿದೆ. ಆದರೆ ಒಪ್ಪುವುದಕ್ಕೂ ಬಿಡುವುದಕ್ಕೂ ಅಲ್ಲಿ ಗೊತ್ತಾದ ಒಂದು ವಾಕ್ಯವುಂಟು. ‘ಮಾರ್ಗ ದೇಶಿಗಳ ಮಧುರವಾದ ಬೆಸುಗೆ’ ಎಂಬಂತಹ ಮಾತಿನಲ್ಲಿ ಒಪ್ಪುವುದಕ್ಕಾಗಲಿ ಬಿಡುವುದಕ್ಕಾಗಲಿ ಏನೂ ಇಲ್ಲ.

೫

ಅಳತೆಯ ಬುದ್ಧಿಯಿಂದ ಬೆಸುಗೆಯ ಮಾತನ್ನು ಬಳಸಿದರೆ ವಿಮರ್ಶೆಗೆ ಲಾಭವುಂಟೇ ಎಂಬುದನ್ನು ಪ್ರಸಿದ್ಧವಾದ ಎರಡು ಕಾವ್ಯಗಳಿಂದ ಪರೀಕ್ಷಿಸಬಹುದು. ಪಂಪನು ೯೪೧ರ ಸುಮಾರಿನಲ್ಲಿ ರಚಿಸಿದ ವಿಕ್ರಮಾರ್ಜುನವಿಜಯದಲ್ಲಿ ತನ್ನ ಪ್ರಭುವಾದ ವೇಮುಲವಾಡದ ಚಾಳುಕ್ಯ ಅರಿಕೇಸರಿಯನ್ನು ಭಾರತದ ಅರ್ಜುನನೊಡನೆ ಅಭೇದವಾಗಿ ನಿರೂಪಿಸಿದನು. ರನ್ನನು ಹತ್ತನೆಯ ಶತಮಾನದ ಕೊನೆಯ ಸುಮಾರಿಗೆ ಸಾಹಸಭೀಮವಿಜಯದಲ್ಲಿ, ಎಂದರೆ ಗದಾಯುದ್ಧದಲ್ಲಿ, ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಹಾಗೆಯೇ ಕೂಡಿಸಿದನು. ಎರಡು ಕಡೆಯಲ್ಲಿಯೂ ಬೆಸುಗೆಯ ಮಾತು ಸಹಜವಾಗಿ ಬರುತ್ತದೆ. ಎರಡನ್ನೂ ಸಮರ್ಥವಾದ ಬೆಸುಗೆಗಳೆಂದು ಹೇಳಿದರೆ ವಿಚಾರವು ಅಲ್ಲಿಗೇ ನಿಲ್ಲುತ್ತದೆ. ಅಳೆಯಹೊರಟರೆ ಮುಂದುವರಿಯುತ್ತದೆ.

ಪಂಪನ ಬೆಸುಗೆಯ ಮುಖವು ಬಿರುದುಗಳಿಂದ ಆದುದು. ಗುಣಾರ್ಣವ, ಅರಿಗ, ಉದಾತ್ತನಾರಾಯಣ ಮುಂತಾದ ಅರಿಕೇಸರಿಯ ಹೆಸರುಗಳು ಅರ್ಜುನನಿಗೆ ಸಲ್ಲುತ್ತ ಹೋಗುತ್ತವೆ. ಓದುಗನ ಕಣ್ಣಿಗೆ ಮೊದಲು ಬೀಳುವುದು ಇದೇ, ಉಬ್ಬಿದ ಮುಖವುಳ್ಳ ಬೆಸುಗೆಯಂತೆ. ಆದರೆ ಭಾರವನ್ನು ಹೊರುವುದು ಕಂಠ. ಕಾವ್ಯದಲ್ಲಿ ಅದು ಕಥೆಯ ಘಟನೆಗಳಲ್ಲಿರತಕ್ಕದ್ದು. ಅಲ್ಲಿ ಪಂಪನು ಮಾಡಿದುದು ಅಲ್ಪವಲ್ಲ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯಾಗಿಸಿದನು. ಕೊನೆಯಲ್ಲಿ ಸುಭದ್ರೆಯೊಡನೆ ಅರ್ಜುನನಿಗೇ ಪಟ್ಟವನ್ನು ಕಟ್ಟಿಸಿದನು. ಇವು ಮುಖದ ಅಲಂಕಾರಗಳಲ್ಲ. ಭಾರತದ ಕಥೆಯ ಲೋಹವೇ ಕರಗಿ ಬೆರೆತ ಸ್ಥಾನಗಳು. ಈ ಎರಡು ಕಡೆ ಬೆಸುಗೆಯು ಬೇರಿನವರೆಗೆ ಹಿಡಿದಿದೆಯೆಂದು ಹೇಳಲು ಅಡ್ಡಿಯಿಲ್ಲ.

ಆದರೆ ಉದ್ದಕ್ಕೂ ಹಾಗೆಯೇ ಇದೆಯೇ? ದ್ರೌಪದಿಯು ಅರ್ಜುನನೊಬ್ಬನ ಪತ್ನಿಯಾದ ಮೇಲೆ ಸಭೆಯಲ್ಲಿ ಆಕೆಗಾದ ಅಪಮಾನವನ್ನು ತೀರಿಸುವ ಭಾರವೂ ಅವನ ಮೇಲೆ ಬೀಳಬೇಕಷ್ಟೆ. ಪಂಪನಾದರೋ ಪರಂಪರೆಯನ್ನು ಬಿಡದೆ, ದುಶ್ಶಾಸನನನ್ನು ಕೊಂದು ದ್ರೌಪದಿಯ ಮುಡಿಯನ್ನು ಕಟ್ಟುವ ಕಾರ್ಯವನ್ನು ಭೀಮನಲ್ಲಿಯೇ ಉಳಿಸಿದನು. ಇಲ್ಲಿ ಭಾರತದ ಕಡೆಯ ಕಾಲು ಉದ್ದ, ಅರಿಕೇಸರಿಯ ಕಡೆಯ ಕಾಲು ಗಿಡ್ಡ. ಬಿರುದುಗಳು ಎಷ್ಟಿದ್ದರೂ ಈ ಸ್ಥಾನದಲ್ಲಿ ಕಂಠವನ್ನು ನಿರ್ಣಯಿಸುವುದು ಗಿಡ್ಡ ಕಾಲು. ಅಲ್ಲದೆ ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕೆಂಬ ಅಭಿಪ್ರಾಯವನ್ನು ಕವಿಯೇ ಕರ್ಣನ ಮರಣದ ಸಂದರ್ಭದಲ್ಲಿ ಕೊಟ್ಟಿದ್ದಾನೆ. ಆ ಕ್ಷಣದಲ್ಲಿ ಓದುಗನ ಹೃದಯದ ಭಾರವು ಬೆಸುಗೆಯ ಮೇಲಿಲ್ಲ, ಅದರ ಹೊರಗಿದೆ. ಇದು ಪಂಪನ ದೋಷವೆಂದು ಹೇಳಬೇಕಾದುದಿಲ್ಲ. ಬೆಸುಗೆಯು ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಇದರಿಂದ ತಿಳಿದರೆ ಸಾಕು. ಪ್ರಭುವಿನ ಸ್ತುತಿಗಾಗಿ ಹಾಕಿದ ಬೆಸುಗೆಯನ್ನು ಕವಿಯು ಎಲ್ಲಿ ಸಡಿಲವಾಗಿ ಬಿಟ್ಟನೋ ಅಲ್ಲಿ ಅವನ ಸ್ವಂತ ಧ್ವನಿಯು ಕೇಳಿಬರುತ್ತದೆಂಬುದು ಅಳೆದುದರ ಫಲ. ಅಖಂಡವಾದ ಬೆಸುಗೆಯೆಂದು ಕೊಂಡಾಡಿದವರಿಗೆ ಈ ಫಲವು ದೊರಕುವಂತಿಲ್ಲ.

ರನ್ನನಲ್ಲಿ ಸ್ಥಿತಿಯು ಬೇರೆ. ಅಲ್ಲಿಯೂ ಬಿರುದುಗಳುಂಟು, ‘ಸಾಹಸಭೀಮ’ ಎಂಬುದು ಸತ್ಯಾಶ್ರಯನ ಬಿರುದೇ. ಮುಡಿಯನ್ನು ಕಟ್ಟುವವನೂ ಭೀಮನೇ, ಕೊನೆಗೆ ಪಟ್ಟವೂ ಭೀಮನಿಗೇ. ಆದುದರಿಂದ ಪಂಪನಿಗೆ ಎದುರಾದ ತೊಡಕು ರನ್ನನಿಗೆ ಎದುರಾಗಲಿಲ್ಲ. ಎರಡು ಕಾಲುಗಳೂ ಸಮವಾಗಿವೆಯೆಂದು ತೋರುತ್ತದೆ. ಕಾಲುಗಳನ್ನು ಮಾತ್ರ ಅಳೆಯುವವನು ಇದನ್ನು ಪಂಪನದಕ್ಕಿಂತ ಗಟ್ಟಿಯಾದ ಬೆಸುಗೆಯೆಂದಾನು. ಆದರೆ ಇಲ್ಲಿ ಕೋನವು ಬಿಚ್ಚಿಕೊಂಡಿದೆ. ಕಾವ್ಯವು ಭೀಮನ ವಿಜಯದ ಕಡೆಗೆ ನಡೆಯುತ್ತಿದ್ದರೂ ಕವಿಯ ಶಕ್ತಿಯೆಲ್ಲವೂ ದುರ್ಯೋಧನನ ಪತನದ ಕಡೆಗೆ ವಾಲಿದೆ. ರಣರಂಗದಲ್ಲಿ ಬಿದ್ದ ತನ್ನವರನ್ನು ಕಂಡು ಮರುಗುತ್ತ ಸಾಗುವ ಆ ರಾಜನ ಚಿತ್ರವೇ ಓದುಗನ ಮನಸ್ಸಿನಲ್ಲಿ ಉಳಿಯತಕ್ಕದ್ದು. ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ಗದಾಯುದ್ಧ ನಾಟಕವಾಗಿ ಪರಿವರ್ತಿಸಿದಾಗ ದುರ್ಯೋಧನನ ದುರಂತವನ್ನೇ ಕೇಂದ್ರವಾಗಿಸಿದುದು ಆಕಸ್ಮಿಕವಲ್ಲ. ಭಾರವು ಎಲ್ಲಿದೆಯೆಂಬುದನ್ನು ಅವರು ಕಂಡುಕೊಂಡಿದ್ದರು. ಕಾಲುಗಳು ಸಮವಾಗಿದ್ದರೂ ಕೋನವು ಅಗಲವಾದುದರಿಂದ ರನ್ನನ ಬೆಸುಗೆಯಲ್ಲಿ ಕಂಠವು ಕಿರಿದು. ಪಂಪನಲ್ಲಿ ತೆಳುವಾದ ಸ್ಥಾನಗಳಿದ್ದರೂ ಕೆಲವೆಡೆ ಬೆಸುಗೆಯು ಬೇರಿಗೆ ಮುಟ್ಟಿದೆ. ರನ್ನನಲ್ಲಿ ಬೆಸುಗೆಯು ಉದ್ದಕ್ಕೂ ಒಪ್ಪವಾಗಿದ್ದು ಕಾವ್ಯದ ಭಾರವನ್ನು ಮಾತ್ರ ಹೊರುತ್ತಿಲ್ಲ. ಎರಡನ್ನೂ ಒಂದೇ ಪದದಿಂದ ಹೊಗಳಿದರೆ ಈ ಭೇದವು ಕಾಣದೆ ಹೋಗುತ್ತದೆ.

ಬೇರಿನ ಪರೀಕ್ಷೆಗೂ ಇಲ್ಲಿ ದಾರಿಯಿದೆ. ಲೋಹದಲ್ಲಿ ಮಾದರಿಯ ತುಂಡನ್ನು ಮುರಿದು ನೋಡುವಂತೆ, ಕಾವ್ಯದ ಒಂದು ಭಾಗವನ್ನು ತೆಗೆದುಕೊಂಡು ಪ್ರಭುವಿನ ಬಿರುದುಗಳಿರುವಲ್ಲಿ ಅರ್ಜುನ, ಭೀಮ ಎಂಬ ಸಾಮಾನ್ಯ ನಾಮಗಳನ್ನಿಟ್ಟು ಗದ್ಯದಲ್ಲಿ ಬರೆದುನೋಡಬಹುದು. ಕಥೆಯು ಹಾಗೆಯೇ ನಿಂತರೆ ಅಲ್ಲಿ ಬೆಸುಗೆಯು ಮುಖಕ್ಕೆ ಸೀಮಿತವಾದುದು. ಕಥೆಯೇ ಕುಸಿದರೆ ಬೇರಿನವರೆಗೆ ಹಿಡಿದುದು. ಪಂಪಭಾರತದ ಪಟ್ಟಾಭಿಷೇಕದಲ್ಲಿ ಈ ಬದಲಾವಣೆಯನ್ನು ಮಾಡಿದರೆ, ಹಿರಿಯನಾದ ಧರ್ಮರಾಯನಿರುವಾಗ ಅರ್ಜುನನಿಗೆ ಪಟ್ಟವೇಕೆಂಬ ಪ್ರಶ್ನೆಯು ತಟ್ಟನೆ ಏಳುತ್ತದೆ. ಅರಿಕೇಸರಿಯಿಲ್ಲದೆ ಆ ಘಟನೆಗೆ ಆಧಾರವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ.

೬

ಇದಕ್ಕೆ ಬರಬಹುದಾದ ಮುಖ್ಯ ಆಕ್ಷೇಪಣೆಯು ಸ್ಪಷ್ಟವಾಗಿದೆ. ಕಾವ್ಯವು ಕಬ್ಬಿಣವಲ್ಲ, ರಸವನ್ನು ಮಿಲಿಮೀಟರಿನಲ್ಲಿ ಅಳೆಯಲಾಗದು, ಸಹೃದಯನ ಅನುಭವವೇ ಅಲ್ಲಿ ಪ್ರಮಾಣ. ಈ ಮಾತು ನಿಜ. ಆದರೆ ಆಕ್ಷೇಪಣೆಯು ಮಾಪಕದ ಕೆಲಸವನ್ನು ತಪ್ಪಾಗಿ ತಿಳಿದುದರಿಂದ ಹುಟ್ಟಿದೆ. ಮಾಪಕವು ಬೆಸುಗೆಯ ಸೊಗಸನ್ನು ಅಳೆಯುವುದಿಲ್ಲ, ಟ್ರೇಲರಿನ ಬೆಲೆಯನ್ನೂ ಹೇಳುವುದಿಲ್ಲ. ಹೊರಬೇಕಾದ ಭಾರಕ್ಕೆ ಹಾಕಿದ ಬೆಸುಗೆಯು ಸಾಕೇ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಅದೂ ಹೊರಗೆ ಕಾಣುವ ಮಟ್ಟಿಗೆ. ಕಾವ್ಯದಲ್ಲಿಯೂ ರಸದ ವಿಷಯವನ್ನು ಸಹೃದಯರಿಗೆ ಬಿಟ್ಟು, ಎರಡು ವಸ್ತುಗಳನ್ನು ಕೂಡಿಸಿದ ಕಡೆ ಆ ಕೂಡಿಕೆಯು ಕಥೆಯ ಭಾರವನ್ನು ಹೊರುವುದೇ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ. ಆ ಪ್ರಶ್ನೆಗೆ ಪಠ್ಯದಿಂದ ಉತ್ತರವು ದೊರಕುತ್ತದೆ. ಇಬ್ಬರು ಓದುಗರು ಅದನ್ನು ಕುರಿತು ವಾದಿಸಬಹುದು, ಒಬ್ಬರ ವಾದದಿಂದ ಇನ್ನೊಬ್ಬರು ತಿದ್ದಿಕೊಳ್ಳಲೂಬಹುದು.

ಇನ್ನೊಂದು ಆಕ್ಷೇಪಣೆಯು ಕಲೆಯ ಆದರ್ಶಕ್ಕೆ ಸಂಬಂಧಿಸಿದುದು. ಬೆಸುಗೆಯು ಕಾಣದಂತಿರುವುದೇ ಉತ್ತಮವಲ್ಲವೇ ಎಂದು ಕೇಳುವವರುಂಟು. ಅವರ ಕಣ್ಣಮುಂದೆ ಇರುವುದು ಪತ್ತಾರನ ಬೆಸುಗೆ. ಒಡವೆಯು ಹೊರುವ ಭಾರವು ಅಲ್ಪವಾದುದರಿಂದ ಅಲ್ಲಿ ಮರೆಮಾಡುವುದು ಗುಣ. ಭಾವಗೀತೆಯಂತಹ ಕಿರಿದಾದ ರಚನೆಯಲ್ಲಿ ಅದೇ ಆದರ್ಶವು ಸಲ್ಲಬಹುದು. ಮಹಾಕಾವ್ಯದಲ್ಲಿಯೂ ದೊಡ್ಡ ಕಾದಂಬರಿಯಲ್ಲಿಯೂ ಮೂಲೆಗಳು ಹಲವು, ಭಾರವೂ ಬಹಳ. ಅಲ್ಲಿ ಬೆಸುಗೆಯನ್ನು ಅರದಿಂದ ಉಜ್ಜಿ ನುಣುಪುಮಾಡಹೊರಟರೆ ಕಂಠದ ಲೋಹವೇ ಸವೆದುಹೋಗುತ್ತದೆ. ಯಾವ ಕಸುಬಿನ ಬೆಸುಗೆಯನ್ನು ಮನಸ್ಸಿನಲ್ಲಿಟ್ಟು ವಿಮರ್ಶಕನು ಮಾತನಾಡುತ್ತಿದ್ದಾನೆಂಬುದು ಆದುದರಿಂದ ಮೊದಲೇ ಗೊತ್ತಾಗಬೇಕು.

ಈ ವಿಚಾರವು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ. ತರಗತಿಯಲ್ಲಿ ಪಾಠಹೇಳುವ ಅಧ್ಯಾಪಕರು ಬಳಸಿದ ಪದವೇ ವಿದ್ಯಾರ್ಥಿಯ ಉತ್ತರಪತ್ರಿಕೆಗೆ ಇಳಿಯುತ್ತದೆ. ‘ಭಾವ ಭಾಷೆಗಳ ಅಪೂರ್ವ ಬೆಸುಗೆ’ ಎಂದು ಬರೆದ ವಿದ್ಯಾರ್ಥಿಗೆ ಅಂಕವು ದೊರಕಿದರೆ, ಕೃತಿಯನ್ನು ಓದದೆಯೂ ಬರೆಯಬಹುದಾದ ಒಂದು ವಾಕ್ಯವನ್ನು ಆತನು ಕಲಿತಂತಾಯಿತು. ಅದರ ಬದಲು, ಎರಡು ಕಾಲುಗಳು ಯಾವುವು, ಗಿಡ್ಡದಾದುದು ಯಾವುದು, ಭಾರವು ಎಲ್ಲಿ ಬೀಳುತ್ತದೆ, ಬಿಡಿಸಿ ನೋಡಿದರೆ ಏನು ಉಳಿಯುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ, ಉತ್ತರಕ್ಕಾಗಿ ಆತನು ಕೃತಿಯನ್ನು ತೆರೆಯಲೇಬೇಕಾಗುತ್ತದೆ. ಬೈಲಹೊಂಗಲ ಸೀಮೆಯ ಶಾಲೆಯ ವಿದ್ಯಾರ್ಥಿಗೆ ಈ ಪ್ರಶ್ನೆಗಳನ್ನು ವಿವರಿಸಲು ದೂರ ಹೋಗಬೇಕಾದುದೂ ಇಲ್ಲ. ರಸ್ತೆಯ ಬದಿಯಲ್ಲಿ ನಿಂತ ಟ್ರೇಲರಿನ ಒಂದು ಮೂಲೆಯನ್ನು ತೋರಿಸಿದರೆ ಸಾಕು.

ಕಸುಬಿನ ಪದವನ್ನು ಶಾಸ್ತ್ರವು ಎರವಲು ಪಡೆದಾಗ ಅದರ ಸೊಗಸನ್ನು ಮಾತ್ರ ಪಡೆದು ಶಿಸ್ತನ್ನು ಬಿಟ್ಟರೆ ಕಸುಬಿಗೂ ನ್ಯಾಯವಾಗದು, ಶಾಸ್ತ್ರಕ್ಕೂ ಬಲ ಬಾರದು. ಒಕ್ಕುಂದವನ್ನು ತಿರುಳ್ಗನ್ನಡದ ಎಲ್ಲೆಯಾಗಿ ಗುರುತಿಸಿದ ಗ್ರಂಥಕಾರನು ಕೂಡಿಕೆಯ ವಿಷಯದಲ್ಲಿ ಹೊಗಳಿಕೆಗೆ ಮೊದಲು ಪರೀಕ್ಷೆಯನ್ನಿಟ್ಟಿದ್ದನು. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಅನಂತರ ಅದೇ ಸೀಮೆಯಲ್ಲಿ ಬೆಸುಗೆಯ ಗೇಜು ಹಿಡಿದವನು ಮಾಡುವುದೂ ಅದನ್ನೇ. ಇವರಿಬ್ಬರ ನಡುವೆ ನಿಂತಿರುವ ಇಂದಿನ ವಿಮರ್ಶೆಯು ಬೆಸುಗೆಯೆಂಬ ಪದವನ್ನು ಉಳಿಸಿಕೊಳ್ಳುವುದಾದರೆ ಅದರ ಅಳತೆಯನ್ನೂ ಉಳಿಸಿಕೊಳ್ಳತಕ್ಕದ್ದು. ಅಳೆಯಲು ಮನಸ್ಸಿಲ್ಲದಿದ್ದರೆ ‘ಕೂಡಿದೆ’ ಎಂಬ ಸಾದಾ ಮಾತೇ ಲೇಸು.